ಪ್ರತಿ ಸಾಲಿಗೂ ಎಂಟರ್

ಸಾಲು ಮುಗಿದಾಗಲೆಲ್ಲ ಟೀಚರ್ ಎಡಗೈ ಕಂಪ್ಯೂಟರಿನ ಕೀಲಿಮಣೆ ಬಿಟ್ಟು ಮೇಲೆದ್ದು, ಸಾಲು ತಿರುಗಿಸುವ, ಅಲ್ಲಿ ಇಲ್ಲದ ಲಿವರನ್ನು ತಳ್ಳಲು ಹೋಗಿ, ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಆಮೇಲೆ ಬಲಗೈಯ ಕಿರುಬೆರಳು ಎಂಟರ್ ಕೀಲಿಯನ್ನು ಕುಟ್ಟುತ್ತಿತ್ತು.

"ಮತ್ತೆ ಹೊಡೀತು ನೋಡು," ಎಂದು ಅವರು ತಮ್ಮ ಕೈಯನ್ನೇ ಬೈಯುತ್ತಿದ್ದರು. "ಟೈಪ್‌ರೈಟರ್ ಮ್ಯಾಲೆ ದುಡಿದ ಕೈ. ಮುದಿ ಎತ್ತಿದ್ದಂಗೆ, ಹಳೇ ದಾರಿ ಬಿಡಂಗಿಲ್ಲ."

ದಾವಣಗೆರೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಅವರನ್ನು ಊರೆಲ್ಲ ಟೀಚರ್ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಮನೆಯಲ್ಲಿ ಉರ್ದು, ಕಲಿಯುವ ಹುಡುಗಿಯರ ಜೊತೆ ಕನ್ನಡ, ಕೀಲಿಮಣೆಯ ಮುಂದೆ ಇಂಗ್ಲಿಷ್. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಾಲಾಗಿ ಕುಳಿತ ಟೈಪ್‌ರೈಟರುಗಳ ನಡುವೆ ಅವರು ಒಂದು ಹೊಸ ಕಂಪ್ಯೂಟರನ್ನೂ ತಂದಿಟ್ಟಿದ್ದರು.

ನಾನು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಹರಿಹರದ ಒಂದು ಪಂಪ್ ಕಾರ್ಖಾನೆಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಪಂಪನ್ನು ಕೂರಿಸುವುದು, ಬಿಚ್ಚುವುದು, ರಿಪೇರಿ ಮಾಡುವುದು ಹೇಗೆಂದು ಹೇಳುವ ಇಂಗ್ಲಿಷ್ ಕೈಪಿಡಿಯನ್ನು ತಿದ್ದಿ, ಪ್ರೆಸ್ಸಿಗೆ ಕೊಡುವಂತೆ ಪುಟ ಕಟ್ಟಿಕೊಡುವುದು ನನ್ನ ಕೆಲಸ. ಯಾವ ಯಂತ್ರದಲ್ಲಿ, ಬರಹ ಹೊಡೆದು ತಿದ್ದುವ ಯಾವ ಎಡಿಟರ್ ಪ್ರೋಗ್ರಾಮಿನಲ್ಲಿ ಮಾಡಬೇಕೆಂಬ ತೀರ್ಮಾನವನ್ನು ನಮ್ಮ ಮ್ಯಾನೇಜರ್ ನನಗೇ ಬಿಟ್ಟಿದ್ದರು. ಅದು ನಂಬಿಕೆಯಿಂದಲೋ, ತಮಗೆ ಬೇಸರವಾಗಿಯೋ, ನನಗೆ ತಿಳಿಯಲಿಲ್ಲ.

ಕಾರ್ಖಾನೆಯಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರ್ ಯಂತ್ರವಿತ್ತು. ಅದರಲ್ಲಿದ್ದ ವಿ.ಐ. ಎಂಬ ಎಡಿಟರಿನಲ್ಲೇ ವಿಶ್ವವಿದ್ಯಾಲಯದಲ್ಲಿ ನನ್ನ ಬೆರಳು ಪಳಗಿತ್ತು. ಆದರೆ ಅದರ ಟರ್ಮಿನಲ್‌ಗಳ ಮುಂದೆ ಹಗಲೆಲ್ಲ ಅಕೌಂಟ್ಸ್‌ನವರು ಕೂತಿರುತ್ತಿದ್ದರು. ಇಡೀ ಪುಸ್ತಕವನ್ನು ಅಲ್ಲಿ ಟೈಪ್ ಮಾಡುವ ಮಾತೇ ಇರಲಿಲ್ಲ. ಟೀಚರ್ ಬಳಿ ಚುರುಕು ಕೈಯ ಹುಡುಗಿಯರಿದ್ದರು, ಡಾಸ್ ಎಂಬ ಬೇರೆ ವ್ಯವಸ್ಥೆಯ ಮೇಲೆ ನಡೆಯುವ ಕಂಪ್ಯೂಟರ್ ಮತ್ತು ವರ್ಡ್ ಪ್ರೊಸೆಸರ್ ಇತ್ತು. ಪುಟವನ್ನು ಅಂದವಾಗಿ ಅಚ್ಚು ಹಾಕುವ ಪ್ರಿಂಟರ್ ಮಾತ್ರ ಹರಿಹರದಲ್ಲಿತ್ತು. ಅಂದರೆ ದಾವಣಗೆರೆಯಲ್ಲಿ ಡಾಸ್‌ನಲ್ಲಿ ಬರೆದದ್ದನ್ನು ಹರಿಹರದ ಯುನಿಕ್ಸ್ ಓದಬೇಕು.

ಮೊದಲ ಅಧ್ಯಾಯವನ್ನು ವರ್ಡ್ ಪ್ರೊಸೆಸರಿನಲ್ಲಿ ಟೈಪ್ ಮಾಡಿಸಿ, ಫ್ಲಾಪಿಯನ್ನು ಎರಡು ರಟ್ಟುಗಳ ನಡುವೆ ಇಟ್ಟು ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. ಯಂತ್ರ ಅದನ್ನು ಓದಿತು. ಆದರೆ ಪದಗಳ ಕೊನೆಯಲ್ಲಿ ಅಕ್ಷರದ ಬದಲು ವಿಚಿತ್ರ ಗುರುತುಗಳು ಬಂದವು. ಸಾಲುಗಳು ಒಂದು ಉದ್ದ, ಒಂದು ಗಿಡ್ಡ.

ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದನ್ನ ಓದಿ ಪಂಪ್ ಕೂರಿಸಿದ್ರೆ ನೀರು ಆಕಾಶಕ್ಕೆ ಹೋಗ್ತೈತೆ," ಎಂದರು. ಅಕೌಂಟ್ಸ್‌ನವರು ನಕ್ಕರು. ಆಮೇಲೆ ಮ್ಯಾನೇಜರ್ ದನಿ ತಗ್ಗಿಸಿ ಹೇಳಿದರು: "ನೋಡ್ರಿ, ಸೋಮವಾರ ಒಂದು ಅಧ್ಯಾಯ ಸರಿಯಾಗಿ ನನ್ನ ಟೇಬಲ್ ಮ್ಯಾಲೆ ಇರಬೇಕು. ಇಲ್ಲಾಂದ್ರೆ ಪೂರಾ ಕೆಲಸ ಬೆಂಗಳೂರಿಗೆ ಕಳಿಸ್ತೀನಿ. ಆಮೇಲೆ ನಿಮಗಿಲ್ಲಿ ಕೆಲಸ ಏನಿರ್ತೈತೆ, ನೀವೇ ಹೇಳ್ರಿ."

ಫ್ಲಾಪಿಯನ್ನು ಮತ್ತೆ ರಟ್ಟುಗಳ ನಡುವೆ ಇಟ್ಟುಕೊಂಡು ಹೊರಟೆ. ಮನೆಯಲ್ಲಿ ಈ ಮಾತು ಎತ್ತಲಿಲ್ಲ.

ಕಾರಣ ನನಗೆ ಗೊತ್ತಾಗಿತ್ತು. ಸಾಲು ಅಂದವಾಗಿ ಕೂರಲೆಂದು ವರ್ಡ್ ಪ್ರೊಸೆಸರ್ ತನ್ನದೇ ಗುರುತುಗಳನ್ನು ಅಕ್ಷರಗಳೊಳಗೆ ಸೇರಿಸುತ್ತಿತ್ತು. ಅದೇ ಪ್ರೋಗ್ರಾಮಿನಲ್ಲಿ ಇನ್ನೊಂದು ದಾರಿಯಿತ್ತು: ಯಾವ ಗುರುತೂ ಇಲ್ಲದ ಬರಿ ಅಕ್ಷರ. ಅಂಥ ಬರಿ ಅಕ್ಷರವನ್ನು ಕೊಟ್ಟರೆ ಯುನಿಕ್ಸ್‌ನಲ್ಲಿದ್ದ ಎನ್‌ರಾಫ್ ಎಂಬ ಪ್ರೋಗ್ರಾಮು ತಾನೇ ಸಾಲು ತುಂಬಿಸಿ, ಎರಡೂ ಅಂಚು ನೇರ ಮಾಡಿ, ಪುಟ ಕಟ್ಟುತ್ತಿತ್ತು. ಆದರೆ ಅದಕ್ಕೆ ಆಜ್ಞೆಗಳನ್ನು ಸಾಲಿನ ಮೊದಲಲ್ಲಿ ಚುಕ್ಕಿಯಿಟ್ಟು ಬರೆಯಬೇಕು. ಪ್ಯಾರಾ ಬಂದಾಗಲೆಲ್ಲ ಚುಕ್ಕಿ ಹಾಕುವುದನ್ನು ಈ ಹುಡುಗಿಯರಿಗೆ ನಾಲ್ಕು ದಿನದಲ್ಲಿ ಕಲಿಸುವುದು ಹೇಗೆ ಎಂದು ನಾನು ಅದನ್ನು ಬದಿಗಿಟ್ಟಿದ್ದೆ.

ಅಂದು ಸಂಜೆ ಟೀಚರ್ ಹಿಂದೆ ನಿಂತು ಅವರ ಕೈಯನ್ನೇ ನೋಡುತ್ತಿದ್ದೆ. ಕಂಪ್ಯೂಟರಿಗೆ ಅಂಟಿಸಿದ್ದ ಚೀಟಿಯಲ್ಲಿ, ಸಾಲಿನ ಕೊನೆಗೆ ಎಂಟರ್ ಒತ್ತಬಾರದು ಎಂದು ಬರೆದಿತ್ತು. ವರ್ಡ್ ಪ್ರೊಸೆಸರ್ ತಾನೇ ಸಾಲು ತಿರುಗಿಸುತ್ತಿತ್ತು. ನಡುವೆ ನಾವು ಒತ್ತಿದರೆ, ಅಗಲ ಬದಲಿಸಿದಾಗ ಸಾಲೆಲ್ಲ ಮುರಿಯುತ್ತಿತ್ತು. ಟೀಚರಿಗೂ ಗೊತ್ತು, ಹುಡುಗಿಯರಿಗೂ ಗೊತ್ತು. ಆದರೂ ಎಲ್ಲರ ಕೈಯೂ ಟೈಪ್‌ರೈಟರಿನದು. ಸಾಲು ಮುಗಿದರೆ ಎಂಟರ್. ಪ್ಯಾರಾ ಶುರುವಾದರೆ ಐದು ಸ್ಪೇಸ್. ತಲೆಬರಹದ ಕೆಳಗೆ ಒಂದು ಖಾಲಿ ಸಾಲು.

ಸಾಲು ಸ್ಪೇಸಿನಿಂದ ಶುರುವಾದರೆ ಎನ್‌ರಾಫ್ ಅದನ್ನು ಹೊಸ ಪ್ಯಾರಾದಂತೆ ಬಿಡಿಸಿ ಇಡುತ್ತದೆ. ಖಾಲಿ ಸಾಲನ್ನು ಖಾಲಿಯಾಗಿಯೇ ಬಿಡುತ್ತದೆ. ಮಾಮೂಲಿ ಸಾಲಿನ ಕೊನೆಯಲ್ಲಿ ಎಂಟರ್ ಬಿದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಮುಂದಿನ ಸಾಲನ್ನು ಎಳೆದು ಸೇರಿಸಿಕೊಳ್ಳುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಈ ಕೈಗಳ ಜೊತೆಗಿಟ್ಟು ಯೋಚಿಸಿರಲಿಲ್ಲ. ಚುಕ್ಕಿಗಳನ್ನು ಅವರು ಕಲಿಯಬೇಕಾಗಿಯೇ ಇರಲಿಲ್ಲ. ಮೊದಲಲ್ಲಿ ಬೇಕಾದ ನಾಲ್ಕಾರನ್ನು ನಾನೇ ಹರಿಹರದಲ್ಲಿ ವಿ.ಐ. ತೆರೆದು ಹಾಕಿದರೆ ಸಾಕು.

"ಹೊಡೀರಿ ಟೀಚರ್," ಎಂದೆ.

"ಏನ್ ಹೊಡೀಲಿ?"

"ಎಂಟರ್. ಪ್ರತಿ ಸಾಲಿಗೂ ಹೊಡೀರಿ. ಪ್ಯಾರಾಕ್ಕೆ ಐದು ಸ್ಪೇಸ್, ಟೈಪ್‌ರೈಟರ್‌ನಾಗೆ ಹೊಡೀತಿದ್ದಂಗೇ."

"ಕಂಪ್ಯೂಟರ್ ಮಾರಿದಾತ ಬ್ಯಾಡ ಅಂತ ಚೀಟಿ ಅಂಟಿಸಿ ಹೋಗ್ಯಾನಲ್ಲ?"

"ಕಿತ್ತು ಹಾಕ್ರಿ."

ಟೀಚರ್ ಕುರ್ಚಿಯಲ್ಲೇ ಪೂರ್ತಿ ತಿರುಗಿ ನನ್ನನ್ನು ನೋಡಿದರು. "ಬರ್ರೇ ಎಲ್ಲಾರೂ! ಬಾಯಿ ಬಿಡದ ಬೇಟಿ ಇವತ್ತು ಹುಕುಂ ಕೊಡಾಕ್ ಹತ್ತೈತೆ," ಎಂದು ಕೂಗಿ, ಚೀಟಿಯನ್ನು ಪರ್ರೆಂದು ಕಿತ್ತರು. ಬರಿ ಅಕ್ಷರದ ದಾರಿಗೆ ಪ್ರೋಗ್ರಾಮನ್ನು ತಿರುಗಿಸಿಕೊಟ್ಟೆ. ಅಧ್ಯಾಯವನ್ನು ಮೊದಲಿನಿಂದ ಶುರುಮಾಡಿದರು. ಅವರು ಅಷ್ಟು ವೇಗವಾಗಿ ಹೊಡೆಯುವುದನ್ನು ನಾನು ಕಂಡಿರಲಿಲ್ಲ.

ಸೋಮವಾರ ಅಕೌಂಟ್ಸ್‌ನವರು ಒಂದು ಟರ್ಮಿನಲ್ ಬಿಟ್ಟುಕೊಟ್ಟು ಸುತ್ತ ನಿಂತರು, ಮತ್ತೆ ನಗಬಹುದೆಂದು. ನಾನು ಚುಕ್ಕಿಗಳನ್ನು ಸೇರಿಸಿ ಆಜ್ಞೆ ಕೊಟ್ಟೆ. ಪ್ರಿಂಟರ್ ಕಟಕಟ ಎನ್ನುತ್ತ ಪುಟಗಳನ್ನು ಹೊರಗೆ ಹಾಕಿತು. ಒಂದೇ ಒಂದು ವಿಚಿತ್ರ ಗುರುತಿರಲಿಲ್ಲ. ಮ್ಯಾನೇಜರ್ ಸ್ಕೇಲ್ ತಂದು ಬಲದಂಚಿಗೆ ಹಿಡಿದರು. ಅಂಚು ಸ್ಕೇಲಿಗೆ ಅಂಟಿಕೊಂಡಂತೆ ನಿಂತಿತ್ತು.

"ಚಲೋ ಐತೆ," ಎಂದರು. "ಆದ್ರೆ ಪ್ರೆಸ್‌ನೋರು ಬೆಳಿಗ್ಗೆ ಫೋನ್ ಮಾಡಿದ್ರು. ಪುಸ್ತಕದ ಅಳತೆ ಸಣ್ಣದು ಮಾಡ್ತಾರಂತೆ. ಪಾಪ, ಎಲ್ಲಾ ಮತ್ತೆ ಟೈಪ್ ಮಾಡಿಸ್ಬೇಕೇನೋ."

ನಾನು ಮೊದಲ ಸಾಲಿನ ಚುಕ್ಕಿಯ ಆಜ್ಞೆಗೆ ಹೋಗಿ, ಸಾಲಿನ ಅಗಲ ಹೇಳುವ ಒಂದು ಅಂಕಿ ಬದಲಿಸಿದೆ. "ಕೂಡ್ರಿ ಸಾರ್, ಚಹಾ ಬರೋದ್ರೊಳಗೆ ಆಗ್ತದೆ," ಎಂದೆ.

ಚಹಾ ಬರುವ ಮೊದಲೇ ಆಯಿತು. ಇಡೀ ಅಧ್ಯಾಯ ಕಿರಿದಾದ ಹೊಸ ಅಳತೆಗೆ ತಾನಾಗಿ ಕೂತು, ಪುಟಸಂಖ್ಯೆಯನ್ನೂ ಬದಲಿಸಿಕೊಂಡು ಬಂತು. ಯಾರೂ ನಗಲಿಲ್ಲ. ಅಕೌಂಟ್ಸ್‌ನ ಹಿರಿಯರೊಬ್ಬರು, "ನಮ್ಮ ಬ್ಯಾಲೆನ್ಸ್ ಶೀಟೂ ಹಿಂಗೇ ಕೂರ್ತೈತೇನ್ರಿ ಮೇಡಂ?" ಎಂದು ಕೇಳಿದರು. ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು.

ಮ್ಯಾನೇಜರ್ ಪುಟಗಳನ್ನು ಜೋಡಿಸಿ ಮೇಜಿಗೆ ಕುಟ್ಟಿ ಸಮ ಮಾಡಿದರು. "ಬೆಂಗಳೂರು ಬ್ಯಾಡ ಬಿಡ್ರಿ. ಕೈಪಿಡಿ ಎಲ್ಲಾ ಇನ್ನ ಇಲ್ಲೇ. ನಿಮ್ಮ ಖಾಯಂ ಆರ್ಡರ್‌ಗೆ ಇವತ್ತೇ ಸಹಿ ಹಾಕ್ತೀನಿ."

ಸಂಜೆ ಮನೆಗೆ ಮರಳುವಾಗ, ಮಲೆಬೆನ್ನೂರಿನಿಂದ ಬಂದ ಬಸ್ಸು ಹರಿಹರದಲ್ಲೇ ತುಂಬಿಹೋಗಿತ್ತು. ಬಾಗಿಲ ಬಳಿ ಕಂಬಿ ಹಿಡಿದು ನಿಂತೆ. ನಗು ತಡೆಯಲಾಗದೆ ದಾವಣಗೆರೆ ಬರುವವರೆಗೂ ಮುಖವನ್ನು ಹೊರಗಡೆಗೇ ತಿರುಗಿಸಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ತಿಂಡಿ ಬೇಡವೆಂದು ಹೇಳಿ ಬೇಗ ಹೊರಟೆ. ಬೆಣ್ಣೆ ದೋಸೆಯ ಹೋಟೆಲಿಗೆ ಒಬ್ಬಳೇ ಹೋದೆ. ಹಿಂದೆಂದೂ ಹಾಗೆ ಹೋದವಳಲ್ಲ. ಮಾಣಿ, "ಫ್ಯಾಮಿಲಿ ರೂಮ್ ಒಳಗೈತ್ರಿ ಅಕ್ಕಾರೆ," ಎಂದು ಬೆರಳು ತೋರಿಸಿದ. "ಇಲ್ಲೇ ಕೂಡ್ತೀನಿ," ಎಂದು ಬೀದಿ ಕಡೆಯ ಮೇಜಿನಲ್ಲಿ ಕುಳಿತೆ. ಒಂದು ದೋಸೆ ತಿಂದು ಇನ್ನೊಂದು ತರಿಸಿದೆ. ನಿಧಾನವಾಗಿ, ಪೂರ್ತಿ ತಿಂದೆ. ಆಮೇಲೆ ಕೈಯನ್ನು ಎರಡು ಸಲ ತೊಳೆದು, ಎರಡನೆಯ ಅಧ್ಯಾಯದ ಹಾಳೆಗಳನ್ನು ಚೀಲದಿಂದ ತೆಗೆದು ಹಿಡಿದುಕೊಂಡು, ಇನ್‌ಸ್ಟಿಟ್ಯೂಟಿನ ಕಡೆ ನಡೆದೆ.