ಡಾಕ್ಟರನ ಮನೆತನ ವಿಚಾರಿಸಿದ್ದು

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆತನ ವಿಚಾರಿಸುತ್ತಾರೆ. ಗಂಡಿನ ಊರಿಗೆ ಹೋಗಬೇಕು, ಅವನ ಮನೆಗೆ ಮಾತ್ರ ಹೋಗಬಾರದು. ಪಕ್ಕದ ಮನೆ ಕಟ್ಟೆ ಮೇಲೆ ಕೂತು ಚಹಾ ಕುಡಿಯಬೇಕು, ಕಿರಾಣಿ ಅಂಗಡಿಯವನ ಬಾಯಿ ಬಿಡಿಸಬೇಕು. ಈ ಕೆಲಸದಲ್ಲಿ ನನ್ನ ಭಾವನನ್ನು, ಅಂದರೆ ನನ್ನ ಗಂಡನ ಅಣ್ಣನನ್ನು, ಮೀರಿಸುವವರು ನಮ್ಮ ಊರು ಇಜೇರಿಯಲ್ಲಿ ಇರಲಿಲ್ಲ. ಮೂರು ತಲೆಮಾರಿನ ಹಿಂದೆ ಯಾರಿಗಾದರೂ ಹುಚ್ಚು ಹಿಡಿದಿದ್ದರೆ ಅದನ್ನೂ ಹುಡುಕಿ ತರುತ್ತಿದ್ದರು. ನನ್ನನ್ನು ಈ ಮನೆಗೆ ತಂದದ್ದೂ ಅವರೇ ವಿಚಾರಿಸಿ. ನನ್ನ ಬಾಯಿ ಬಗ್ಗೆ ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ.

ಅವರು ಒಬ್ಬ ಡಾಕ್ಟರನನ್ನೂ ಹೀಗೇ ವಿಚಾರಿಸಿದರು. ತೊಂಬತ್ತರ ದಶಕದ ನಡುವಿನ ಮಾತು.

ನನ್ನ ಮೊಮ್ಮಗಳಿಗೆ ಆರು ವರ್ಷ. ರಕ್ತದ ಕ್ಯಾನ್ಸರ್ ಅಂದರು. ಮಕ್ಕಳಿಗೂ ಅದು ಬರುತ್ತದೆ ಅಂತ ನನಗೆ ಆವತ್ತೇ ಗೊತ್ತಾದದ್ದು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟರು, ಹೋಯಿತು. ಮತ್ತೆ ಬಂತು. ಮತ್ತೆ ಔಷಧಿ ಕೊಟ್ಟು ಅಡಗಿಸಿದರು. ಆ ಆಸ್ಪತ್ರೆಯ ಡಾಕ್ಟರ್ ಒಬ್ಬರು ಭೀಮಾ ದಂಡೆಯ ಮಣ್ಣೂರಿನವರು. ನಮ್ಮ ಕಡೆಯ ಮಕ್ಕಳನ್ನು ನೋಡಲು ತಿಂಗಳಿಗೊಮ್ಮೆ ಗುಲಬರ್ಗಾಕ್ಕೆ ಬರುತ್ತಿದ್ದರು. ಅವರು ನನ್ನ ಮಗನಿಗೂ ಸೊಸೆಗೂ ಹೇಳಿದರು:

"ರೋಗ ಈಗ ಮಲಗ್ಯಾದ. ಇನ್ನೊಮ್ಮೆ ಎದ್ದರ ನಮ್ಮ ಕೈಗಿ ಸಿಗಂಗಿಲ್ಲ. ಇಕಿ ಅಣ್ಣನ ಎಲುಬಿನಾಗಿನ ಮಜ್ಜೆ ಇಕಿಗಿ ಹೊಂದ್ತದ. ಸೂಜಿಲೆ ತೆಗೆದು ಇಕಿಗಿ ಹಾಕೋದು. ಹುಡುಗಗ ನಾಕು ದಿನ ಸೊಂಟ ನೋಯ್ತದ, ಅಷ್ಟೇ. ಮುಂದಿನ ತಿಂಗಳು ನಾ ಬರೋದ್ರಾಗ ಹೂಂ ಅನ್ರಿ."

ಮನೆಗೆ ಬಂದು ಹೇಳಿದಾಗ ಭಾವ ತಲೆಯ ರುಮಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅದು ಅವರು ದೊಡ್ಡ ವಿಚಾರ ಮಾಡುವ ರೀತಿ.

"ಹುಡುಗನ ಎಲುಬಿಗಿ ಕೈ ಹಾಕೋದಂದ್ರ ಸಣ್ಣ ಮಾತಲ್ಲ. ಅಂವ ಯಾರಂವ, ಯಾರ ಮಗ? ಮೊದಲು ಮನೆತನ ನೋಡಬೇಕು."

ನನ್ನ ಮಗ ದೊಡ್ಡಪ್ಪನ ಮುಂದೆ ಬಾಯಿ ಬಿಡುವವನಲ್ಲ. ಹತ್ತಿ ಕಟ್ಟಿಗೆ ಕೀಳುವಾಗ ಎಷ್ಟು ಜೋರು ಇರುತ್ತಾನೋ ಕಟ್ಟೆ ಮೇಲೆ ಕೂತಾಗ ಅಷ್ಟೇ ಮೆತ್ತಗೆ. ಸೊಸೆ ಸೆರಗು ಎಳೆದುಕೊಂಡು ಒಳಗೆ ಹೋದಳು.

ಭಾವ ಇಸ್ತ್ರಿ ಧೋತರ ಉಟ್ಟು ಹೊರಟರು. ಮೊದಲು ಮಣ್ಣೂರು. ಅಲ್ಲಿ ಒಂದು ಚಹಾ ಅಂಗಡಿಯಲ್ಲಿ ಒಂದು ದಿನ. ಆಮೇಲೆ ಅಫಜಲಪುರ, ಅಲ್ಲಿ ಡಾಕ್ಟರ್ ಹೈಸ್ಕೂಲು ಓದಿದ್ದು. ಆಮೇಲೆ ಆಳಂದ, ಅದು ಡಾಕ್ಟರನ ತಾಯಿಯ ತವರು. ಮಳೆ ಬಂದು ಬಸ್ಸು ನಿಂತು ಎರಡು ದಿನ ಅಲ್ಲೇ ಬೀಗರ ಮನೆಯಲ್ಲಿ ಹೋಳಿಗೆ ಉಂಡರು. ಹನ್ನೊಂದು ದಿನಕ್ಕೆ ವಾಪಸ್ ಬಂದರು. ಆ ಹನ್ನೊಂದು ದಿನ ಸೊಸೆ ದಿನಾ ಬೆಳಿಗ್ಗೆ ಮಗಳ ಅಂಗಿ ಎತ್ತಿ, ರೋಗ ಎದ್ದ ಗುರುತಾಗಿ ಹೊಸ ನೀಲಿ ಕಲೆ ಮೂಡಿದೆಯೋ ಅಂತ ಬೆನ್ನು, ತೊಡೆ ಎಲ್ಲಾ ತಡವಿ ನೋಡುತ್ತಿದ್ದಳು.

ಭಾವ ತಂದ ಸುದ್ದಿ ಕೇಳಲು ಓಣಿಯೇ ಬಂತು.

"ಖಾನ್ದಾನ ಚಲೋ ಅದ. ಮುತ್ಯಾಂದು ನಾಕು ಎತ್ತಿನ ಕಮತ. ಒಂದು ಎತ್ತು ಜರಾ ಕೊಂಬಿಲೆ ಹಾಯ್ತಿತ್ತಂತ. ತಾಯಿ ಕಡೆಯವರು ದಿನಾ ಲಿಂಗಪೂಜೆ ಮಾಡದೇ ನೀರು ಮುಟ್ಟಂಗಿಲ್ಲ. ಆದ್ರ ಒಂದು ಕಸರ ಅದ." ದನಿ ತಗ್ಗಿಸಿದರು. "ಡಾಕ್ಟರಾ ಹತ್ತನೇದಾಗ ಗಣಿತದಾಗ ಒಮ್ಮೆ ನಪಾಸ್ ಆಗ್ಯಾನ!"

ಓಣಿ ಹಾಯ್ ಅಂದಿತು.

"ಅದಕ್ಕ ಶ್ರಾವಣ ಕಳೀಲಿ, ಮತ್ತೊಮ್ಮೆ ವಿಚಾರ ಮಾಡೋಣು" ಅಂದರು ಭಾವ.

ಮಕ್ಕಳ ಕ್ಯಾನ್ಸರಿನ ಬಗ್ಗೆ ಅವನಿಗೆ ಏನು ಬರುತ್ತದೆ, ಎಲ್ಲಿ ಕಲಿತ, ಎಷ್ಟು ಮಕ್ಕಳಿಗೆ ಮಾಡಿದ? ಇದನ್ನು ಒಬ್ಬರೂ ಕೇಳಲಿಲ್ಲ. ಎತ್ತು ಹಾಯುವುದು ಗೊತ್ತಾಗಿತ್ತು.

ಡಾಕ್ಟರ್ ಬರುವ ದಿನ ನಾನು ಗುಲಬರ್ಗಾದ ಮೊದಲ ಬಸ್ಸಿಗೇ ಹೊರಟೆ. ಮಗ, ಸೊಸೆ, ಮೊಮ್ಮಗಳನ್ನು ಹೊರಡಿಸಿದೆ. ಭಾವನೂ ಬಂದರು, ಗಣಿತದ ಮಾತು ನೇರವಾಗಿ ಕೇಳಬೇಕಂತೆ.

ಬಾಗಿಲ ಮೇಲಿನ ಬೋರ್ಡಿನಲ್ಲಿ ಡಾಕ್ಟರನ ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರಗಳು, ಹರಿದ ಚೀಲದಿಂದ ಜೋಳ ಸೋರಿದ ಹಾಗೆ. ನಾನು ಮೂರನೇ ಇಯತ್ತೆ ಓದಿದವಳು, ಅವು ನನಗೆ ತಿಳಿಯಲಿಲ್ಲ. ಒಳಗೆ ಕೂತಿದ್ದವನು ತೆಳ್ಳಗಿನ ಮನುಷ್ಯ, ನಿದ್ದೆಗೆಟ್ಟ ಕಣ್ಣು. ಭಾವ ಕುರ್ಚಿ ಎಳೆದು ಶುರು ಮಾಡಿದರು.

"ತಾವು ಯಾವ ಮಠದವರು?" ಹೇಳಿದ.

"ಅಣ್ಣತಮ್ಮರು ಎಷ್ಟು ಮಂದಿ?" ಹೇಳಿದ.

"ಹತ್ತನೇದಾಗ ಗಣಿತ..."

"ನಪಾಸ್ ಆಗಿದ್ದೆರಿ. ಮತ್ತ ಬರೆದು ಪಾಸಾದೆ."

ಭಾವ ಮತ್ತೆ ರುಮಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಗ ನಾನು ಕೇಳಿದೆ.

"ಯಪ್ಪಾ, ನೀ ಏನು ಕಲ್ತಿ?"

"ಮೊದಲು ಡಾಕ್ಟರಕಿ ಕಲ್ತೆರಿ. ಆಮ್ಯಾಲ ಮಕ್ಕಳ ಡಾಕ್ಟರಕಿ. ಆ ವಾರ್ಡಿನಾಗ ಇಂಥ ರಕ್ತದ ರೋಗದ ಮಕ್ಕಳು ಕಣ್ಣ ಮುಂದ ಹೋದ್ವು, ನಮಗ ಏನೂ ಮಾಡಾಕ ಬರ್ತಿದ್ದಿಲ್ಲ. ಅದಕ್ಕ ಮತ್ತ ಕ್ಯಾನ್ಸರ್ ಕಲೀಲಿಕ್ಕ ಹೋದೆ. ಆಮ್ಯಾಲ ಪರದೇಶಕ್ಕ ಹೋಗಿ ಮಜ್ಜೆ ಹಾಕೋದು ಕಲ್ತು ಬಂದೆ. ತಲೆ ಬೆಳ್ಳಗಾಗೋತನಕ ವಿದ್ಯಾರ್ಥೀನೇ ಇದ್ದೆರಿ ಅಮ್ಮಾ."

"ಮಜ್ಜೆ ಹಾಕಿದ ಮಕ್ಕಳಾಗ ಎಷ್ಟು ಉಳೀತಾವ?"

ಅವನು ಬಲಗೈ ಎತ್ತಿ ಐದೂ ಬೆರಳು ಬಿಚ್ಚಿದ. ಆಮೇಲೆ ಎರಡು ಮಡಚಿದ.

"ಇಷ್ಟು ವರ್ಷ ಕಲ್ತು ಎರಡು ಮಡಚ್ತೀಯೇನು?"

"ಹೌದ್ರಿ. ಹಾಕದೇ ಬಿಟ್ಟರ ಬಹುತೇಕ ಎಲ್ಲಾ ಮಡಚಬೇಕಾಗ್ತದ."

ನಾನು ಜನ್ಮದಲ್ಲಿ ಎಷ್ಟೋ ಗಂಡಿನ ಕಡೆಯವರನ್ನು ನೋಡಿದ್ದೇನೆ. ಕುಡಿಯುವವನಿಗೆ ಶೀತದ ಮೈ ಅಂದವರು, ಕುಂಟನಿಗೆ ಮುಳ್ಳು ಚುಚ್ಚಿದೆ ಅಂದವರು, ಎಲ್ಲರನ್ನೂ. ತನ್ನ ಕೈಯ ಬೆರಳು ತಾನೇ ಮಡಚಿ ತೋರಿಸಿದವನನ್ನು ಅದೇ ಮೊದಲು ನೋಡಿದ್ದು.

"ವಿಚಾರ ಮುಗೀತು" ಅಂದೆ.

"ಹಂಗ ಹೆಂಗ ಮುಗೀತದ?" ಭಾವ ಎದ್ದು ನಿಂತರು. "ಮಜ್ಜೆ ಕೊಡಾಂವ ನಮ್ಮ ವಂಶದ ಹುಡುಗ!"

ನಾನು ಎಂದೂ ಭಾವನ ಮುಖ ನೋಡಿ ಮಾತಾಡಿದವಳಲ್ಲ. ಆವತ್ತು ಸೆರಗು ಸರಿ ಮಾಡಿಕೊಂಡು ನೋಡಿದೆ.

"ಭಾವಾರ, ಬ್ಯಾನಿ ಹುಡುಗಗ ಬಂದು ಹುಡುಗಿ ಮಜ್ಜೆ ಬೇಕಾಗಿದ್ರ ನೀವು ಮಣ್ಣೂರಿಗಿ ಹೋಗ್ತಿದ್ರೇನು? ಹುಡುಗಿನ್ನ ಹೆಗಲ ಮ್ಯಾಲ ಕೂಡಿಸ್ಕೊಂಡು ಇಲ್ಲೇ ಓಡಿ ಬರ್ತಿದ್ರಿ."

ನನ್ನ ಮಗ ಗೋಡೆ ಕಡೆ ಮುಖ ಮಾಡಿದ. ಅಷ್ಟರಲ್ಲಿ ಸೊಸೆ, ಆ ತಿಂಗಳೆಲ್ಲ ಒಂದು ಮಾತೂ ಆಡದವಳು, ಮೇಜಿನ ಮೇಲಿನ ಪೆನ್ನು ತಗೊಂಡು ಡಾಕ್ಟರನ ಮುಂದೆ ನಿಂತಳು.

"ಎಲ್ಲಿ ಸಹಿ ಮಾಡ್ಲಿರಿ?"

ಅವಳು ಸಹಿ ಹಾಕಿದ ಮೇಲೆ ನನ್ನ ಮಗನೂ ಹಾಕಿದ.

ಹುಡುಗನಿಗೆ ನಾಲ್ಕು ದಿನ ಸೊಂಟ ನೋಯಿತು. ಐದನೇ ದಿನ ಆಸ್ಪತ್ರೆಯ ಮೆಟ್ಟಿಲು ಎರಡೆರಡು ಹಾರಿ ಇಳಿಯುತ್ತಿದ್ದ. ಹುಡುಗಿಯದು ಅಷ್ಟು ಸಸಾರ ಇರಲಿಲ್ಲ. ಗಾಜಿನ ಆಚೆ ಇಟ್ಟರು, ಬಾಯೆಲ್ಲ ಹುಣ್ಣು, ಕೂದಲು ಒಂದೂ ಉಳಿಯಲಿಲ್ಲ. ಎರಡು ಸಲ ನಾವು ಆಸೆ ಬಿಟ್ಟೆವು, ಡಾಕ್ಟರ್ ಬಿಡಲಿಲ್ಲ. ತಿಂಗಳುಗಟ್ಟಲೆ ಆದಮೇಲೆ ಬೋಳು ತಲೆ ಹೊತ್ತು ಊರಿಗೆ ಬಂದಳು. ಬಂದವಳೇ ಅಣ್ಣನಿಗೆ ಹೊಡೆದಳು.

ಭಾವನ ಹೊಸ ಕತೆ ಅಲ್ಲಿಂದ ಶುರುವಾಯಿತು. "ಮನೆತನ ನೋಡಿ ಆರಿಸಿದ ಡಾಕ್ಟರಾ ಅಂವ, ನಾ ಸ್ವತಾ ಹೋಗಿ ವಿಚಾರಿಸಿ ಬಂದಿದ್ದೆ" ಅಂತ ಜೇವರ್ಗಿ ಸಂತೆಯಲ್ಲಿ ಹೇಳಿಕೊಂಡು ಬಂದರು. ಗಣಿತದ ನಪಾಸು ಈಗ ಡಾಕ್ಟರನ ವಿನಯದ ಗುರುತಾಗಿತ್ತು.

ಮರುವರ್ಷ ನೆಲೋಗಿಯಿಂದ ಗಂಡಹೆಂಡತಿ ಬಂದರು. ಅವರ ಮಗುವಿಗೂ ಅದೇ ರೋಗ, ಅದೇ ಡಾಕ್ಟರ್. ಗಂಡ ಪಡಸಾಲೆಯಲ್ಲಿ ಭಾವನ ಮುಂದೆ ಕೂತ. ಹೆಂಡತಿ ಅಡಿಗೆ ಮನೆ ಬಾಗಿಲಿಗೆ ಬಂದು ನಿಂತಳು. ತನ್ನ ಮಗು ಉಳಿದೀತೇ ಅನ್ನುವುದನ್ನು ಕಣ್ಣಲ್ಲೇ ಕೇಳುತ್ತಾ ನನ್ನ ಮುಖ ನೋಡಿದಳು.

ನಾನು ರೊಟ್ಟಿ ಹಿಟ್ಟಿನ ಕೈ ಎತ್ತಿ ಐದು ಬೆರಳು ಬಿಚ್ಚಿದೆ. ಎರಡು ಮಡಚಿದೆ. ಆಮೇಲೆ ಉಳಿದ ಮೂರರಲ್ಲಿ ಒಂದನ್ನು ಮುಟ್ಟಿ ಅಂಗಳದ ಕಡೆ ತೋರಿಸಿದೆ. ಅಲ್ಲಿ ಮೊಮ್ಮಗಳು ಅಣ್ಣನ ಅಂಗಿ ಹಿಡಿದು ಜಗ್ಗುತ್ತಿದ್ದಳು. ಆ ಹೆಣ್ಣುಮಗಳು ಅವಳನ್ನು ನೋಡಿದಳು. ಆಮೇಲೆ ಗಂಡನನ್ನು ಕರೆಯಲು ಪಡಸಾಲೆಗೆ ಹೋದಳು.

ಅಲ್ಲಿ ಭಾವನ ಕತೆ ಇನ್ನೂ ಹಾಯುವ ಎತ್ತಿನ ತನಕವಷ್ಟೇ ಬಂದಿತ್ತು.