ಪೂಜೆಗೆಂದು ಹಾಕಿದ ಗಾಜು

ಶಿವಪುತ್ರಪ್ಪನಿಗೆ ತನ್ನ ಕಣ್ಣು ಹೋಗುತ್ತಿದೆ ಎಂದು ಖಾತ್ರಿಯಾದದ್ದು ಕಬಡ್ಡಿ ಪಂದ್ಯದ ದಿನ. ಪುಣೆಯ ವಾಕಡದ ಶಾಲೆಯೊಂದಕ್ಕೆ ಅವನು ಬಹಳ ವರ್ಷಗಳಿಂದ ಫೋಟೊಗ್ರಾಫರ್. ಆಟೋಟವಿರಲಿ, ವಾರ್ಷಿಕೋತ್ಸವದ ಗ್ಯಾದರಿಂಗ್ ಇರಲಿ, ಅವನಿಲ್ಲದೆ ನಡೆಯದು. ಅವತ್ತು ಮೈದಾನದ ಅಂಚಿನಿಂದ ಉದ್ದನೆಯ ಲೆನ್ಸಿನಲ್ಲಿ ತೆಗೆದ ಒಂದು ಚಿತ್ರವೂ ನೆಟ್ಟಗಿರಲಿಲ್ಲ. ಹುಡುಗರ ಮುಖಗಳೆಲ್ಲ ನೀರಲ್ಲಿ ನೆನೆಸಿಟ್ಟ ಹಾಗೆ.

ಈಗಿನ ಕ್ಯಾಮೆರಾ ತಾನೇ ಫೋಕಸ್ ಮಾಡುತ್ತದಲ್ಲ ಎಂದು ನೀವು ಕೇಳಬಹುದು. ಮಾಡುತ್ತದೆ. ಆದರೆ ನಮ್ಮ ಶಿವಪುತ್ರಪ್ಪ ಅದನ್ನು ನಂಬುವ ಪೈಕಿ ಅಲ್ಲ. ಲೆನ್ಸಿನ ಬಳೆಯನ್ನು ಕೈಯಿಂದಲೇ ತಿರುಗಿಸಬೇಕು, ಕಣ್ಣಿಂದಲೇ ಅಳೆಯಬೇಕು. ಹಾಗಾಗಿ ತಪ್ಪೆಲ್ಲ ಕಣ್ಣಿನ ಮೇಲೇ ಬಂತು. ಮದುವೆಯಲ್ಲಿ ಸಣ್ಣ ಲೆನ್ಸಿನಿಂದ ಹತ್ತಿರ ನಿಂತು ತೆಗೆದದ್ದು ಚೆನ್ನಾಗಿಯೇ ಬರುತ್ತಿತ್ತು, ಕೆಟ್ಟದ್ದು ದೂರದ್ದು ಮಾತ್ರ. ಆಳಂದದ ಕಡೆಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಪುಣೆಗೆ ಬಂದ ಅವನ ಅಪ್ಪನಿಗೂ ಮೊದಲು ಹೋದದ್ದು ದೂರದ ನೋಟವೇ. ಕೊನೆಗಾಲಕ್ಕೆ ಆ ಮುದುಕ ಮೊಮ್ಮಕ್ಕಳ ಮುಖವನ್ನು ಕೈಯಿಂದ ಸವರಿ ಗುರುತು ಹಿಡಿಯುತ್ತಿದ್ದ.

ಡಾಕ್ಟರ ಹತ್ತಿರ ಹೋಗಲು ಶಿವಪುತ್ರಪ್ಪನಿಗೆ ಎದೆಯಾಗಲಿಲ್ಲ. ಹೋಗದಿದ್ದರೆ ರೋಗವೂ ಬರುವುದಿಲ್ಲ ಎಂಬ ಗಂಡಸರ ಲೆಕ್ಕ! ಶಾಲೆಯ ಮುಖ್ಯೋಪಾಧ್ಯಾಯಿನಿ ನೀಲಿಮಾ ಬಾಯಿಗೆ ಮಾತ್ರ, ಈ ಸಲದ ಗ್ಯಾದರಿಂಗಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದ. ಮನೆಗೆ ಬಂದು ಹೆಂಡತಿ ರುದ್ರವ್ವನ ಮುಂದೆ ಎಲ್ಲ ಒದರಿದ.

ರುದ್ರವ್ವ ಮೊದಲು ಅತ್ತಳು. ಸೆರಗಿನಿಂದ ಮೂಗು ಒರೆಸಿಕೊಂಡ ಮೇಲೆ ಅವಳಿಗೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ ದಸರೆಯ ಖಂಡೇಪೂಜೆ. ಪ್ರತಿ ವರ್ಷ ಆ ದಿನ ಅವಳು ಒಳಕಲ್ಲಿನಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲಕ್ಕೂ ವಿಭೂತಿ ಬಳಿಯುವವಳು. ಉದ್ದನೆಯ ಲೆನ್ಸು ಈ ವರ್ಷವಷ್ಟೇ ಮನೆಗೆ ಬಂದಿತ್ತು. ಅದರ ಮುಖಕ್ಕೆ ಹೆಂಡತಿ ವಿಭೂತಿ ಹಚ್ಚಿಬಿಟ್ಟಾಳೆಂದು ಹೆದರಿ ಶಿವಪುತ್ರಪ್ಪ ರಸ್ತೆ ಬದಿಯಲ್ಲಿ ಒಂದು ಅಗ್ಗದ ಫಿಲ್ಟರ್ ಗಾಜು ತಂದು ಲೆನ್ಸಿನ ಮೇಲೆ ತಿರುಗಿಸಿ ಕೂರಿಸಿದ್ದ. ಅವಳು ಗಾಜಿಗೆ ಹಚ್ಚಿದಳು, ಇವನು ಆಮೇಲೆ ಒರೆಸಿದ. ಇರಲಿ, ದೂಳಿಗಾದರೂ ಅಡ್ಡವಾಯಿತು ಎಂದು ಗಾಜನ್ನು ಹಾಗೇ ಬಿಟ್ಟ. ಈಗ ಎಲ್ಲ ಒದರುವಾಗ ಆ ಗುಟ್ಟೂ ಹೊರಬಿದ್ದಿತ್ತು.

“ದೇವ್ರಿಗೇ ಮೋಸ ಮಾಡೀರಿ ನೀವು,” ಎಂದಳು ರುದ್ರವ್ವ. “ಮನಿದೇವ್ರು ಮಲ್ಲಯ್ಯ ಸುಮ್ನ ಬಿಡ್ತಾನೇನ್ರಿ? ತಗೀರಿ ಆ ಗಾಜು.”

ವಾದ ಮಾಡುವ ತ್ರಾಣ ಅವನಿಗಿರಲಿಲ್ಲ. ಗಾಜು ಬಿಚ್ಚಿ ಅವಳ ಕೈಗೆ ಕೊಟ್ಟ. ಲೆನ್ಸಿನ ಮುಖ ಒಂದು ಬಿಟ್ಟು ಎಲ್ಲಿ ಬೇಕಾದರೂ ಹಚ್ಚು ಎಂದು ಬೇಡಿಕೊಂಡ. ಅವಳು ವಿಭೂತಿ ತರಲು ಒಳಗೆ ಹೋದಳು. ಅವನು ಮನೆಯ ಹೊರಗಿನ ಗ್ಯಾಲರಿಯಲ್ಲಿ ನಿಂತು, ಚಟ ಬಿಡುತ್ತದೆಯೇ, ಕ್ಯಾಮೆರಾ ಕಣ್ಣಿಗೇರಿಸಿದ.

ಆಚೆ ಕಟ್ಟಡದ ಗಚ್ಚಿಯ ಮೇಲೆ ಒಂದು ಪಾರಿವಾಳ ಕೂತಿತ್ತು. ಬಳೆ ತಿರುಗಿಸುತ್ತ ಹೋದ. ಕೊಕ್ಕು ಕಂಡಿತು, ಕತ್ತಿನ ಹಸಿರು ಕಂಡಿತು, ಕಡೆಗೆ ಕಣ್ಣಿನ ಸುತ್ತಲಿನ ಕೆಂಪು ಗೆರೆಯೂ ಕಂಡಿತು! ಒಳಗೆ ಓಡಿ ಗಾಜು ತಂದು ಹಾಕಿ ನೋಡಿದ, ಪಾರಿವಾಳ ಹಿಟ್ಟಿನ ಮುದ್ದೆಯಾಯಿತು. ತೆಗೆದ, ಮತ್ತೆ ಗೆರೆ ಕಂಡಿತು. ಅಗ್ಗದ ಗಾಜು ಸಮತಟ್ಟಾಗಿರಲಿಲ್ಲ, ಅಷ್ಟೇ. ಬೆಳಕು ಅದನ್ನು ದಾಟುವಾಗಲೇ ಸೊಟ್ಟಗಾದರೆ ಹಿಂದಿನ ಲೆನ್ಸು ಏನು ಮಾಡೀತು? ಸಣ್ಣ ಲೆನ್ಸಿನ ಮುಂದಾಗಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಉದ್ದನೆಯದು ದೂರದ್ದನ್ನು ಹತ್ತಿರ ಎಳೆಯುವಾಗ ಗಾಜಿನ ಸೊಟ್ಟನ್ನೂ ದೊಡ್ಡದು ಮಾಡಿತ್ತು.

ಶಿವಪುತ್ರಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು ಮಕ್ಕಳ ಹಾಗೆ ಅತ್ತ. ವಿಭೂತಿ ಹಿಡಿದು ಬಂದ ರುದ್ರವ್ವ ಗಾಬರಿಯಾದಳು.

“ಕಣ್ಣು ಅದಾವು,” ಎಂದ. “ನಿನ್ನಿಂದ ಉಳದ್ವು. ಇಲ್ಲಂದ್ರ ನಾ ಕಣ್ಣಿದ್ದೂ ಕುರುಡ ಆಗಿ ಕುಂಡ್ರತಿದ್ನಿ.”

ನನ್ನಿಂದಲ್ಲ, ಮಲ್ಲಯ್ಯನಿಂದ ಎಂದು ಅವಳು ತಿದ್ದಿದಳು. ಗಾಜಿನ ಸಂಗತಿ ಬಿಡಿಸಿ ಹೇಳಲು ಹೋದವನು ನಡುವೆಯೇ ಬಿಟ್ಟುಬಿಟ್ಟ. ಕಾರಣ ಯಾವುದಾದರೇನು, ಗಾಜು ತೆಗೆಸಿದವಳು ಎದುರಿಗೇ ನಿಂತಿದ್ದಳು. ಅವಳು ಕ್ಯಾಮೆರಾದ ಬೆನ್ನಿಗೆ ವಿಭೂತಿ ಹಚ್ಚುವವರೆಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಆಮೇಲೆ ನೀಲಿಮಾ ಬಾಯಿಗೆ ಫೋನ್ ಹಚ್ಚಿದ. ಬೇರೆಯವರು ಸಿಕ್ಕರೇ ಎಂದು ಅಳುಕುತ್ತಲೇ ಕೇಳಿದ. ನಾನು ಯಾರನ್ನೂ ಹುಡುಕಲೇ ಇಲ್ಲ ದಾದಾ, ನೀವು ಬಂದೇ ಬರುತ್ತೀರೆಂದು ಗೊತ್ತಿತ್ತು ಎಂದರು ಬಾಯಿ ಮರಾಠಿಯಲ್ಲಿ. ಶಿವಪುತ್ರಪ್ಪ ಫೋನು ಕಿವಿಯಿಂದ ಇಳಿಸಿ ಕಣ್ಣು ಒರೆಸಿಕೊಂಡ. ಆ ಕಡೆಯಿಂದ ಬಾಯಿ ಹಲೋ ಹಲೋ ಎನ್ನುತ್ತಲೇ ಇದ್ದರು. ರುದ್ರವ್ವ ಅವನ ಕೈಯಿಂದ ಫೋನು ಇಸಿದುಕೊಂಡು, ಬರುತ್ತಾರೆ ಬಾಯಿ, ನಾನೇ ಕಳಿಸುತ್ತೇನೆ ಎಂದಳು.