ವಿಚಾರಣೆ ಕಿಟಕಿಯ ದೊಡ್ಡಪ್ಪ

ಟ್ರಾಮು ಬಂದು ರೈಲಿಗೆ ಸೇರುವ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವ ಗುಮಾಸ್ತರನ್ನು ಕಚೇರಿಯವರೆಲ್ಲ ‘ವಲಯದ ದೊಡ್ಡಪ್ಪ’ ಎಂದೇ ಕರೆಯುತ್ತಾರೆ. ದಾಟಿದ ಕೂಡಲೇ ದರ ಏರುವ ವಲಯದ ಗೆರೆ ಯಾವ ಬೀದಿಯ ಯಾವ ದೀಪದ ಕಂಬದ ಬಳಿ ಹಾಯುತ್ತದೆಂಬುದು ಅವರಿಗೆ ಬಾಯಿಪಾಠ. “ಒಂದು ಸ್ಟಾಪ್ ಮುಂಚೆ ಇಳಿದು ನಾಲ್ಕು ಹೆಜ್ಜೆ ಹಾಕಿ ಸ್ವಾಮಿ, ಒಂದು ವಲಯಾನೇ ಉಳಿಯುತ್ತೆ!” ಎಂದು ಮೊದಲೆಲ್ಲ ಅವಸರದವರನ್ನೂ ತಡೆದು ನಿಲ್ಲಿಸುತ್ತಿದ್ದರು. ಟ್ರಾಮು, ರೈಲು ಎರಡಕ್ಕೂ ನಡೆಯುವ ಜೋಡಿ ಟಿಕೆಟ್ಟಿನ ಮಹಿಮೆಯನ್ನು ಅವರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ರೈಲೇ ಹೊರಟಿರುತ್ತಿತ್ತು. ಹಿಂದೆ ಮದುವೆಯ ಮಾತಿಗೆಂದು ಹೋದಾಗಲೂ, ಆ ಮನೆ ಎರಡನೇ ವಲಯವೋ ಮೂರನೆಯದೋ ಎಂದು ಹುಡುಗಿಯ ತಂದೆಯೊಡನೆ ವಾದಕ್ಕಿಳಿದು ಸಂಬಂಧವನ್ನೇ ಕೆಡಿಸಿಕೊಂಡರಂತೆ. ಆಮೇಲೆ ಒಂಟಿಯಾಗೇ ಉಳಿದರು. ಟಿಕೆಟ್ ಯಂತ್ರಗಳು ಬಂದ ಮೇಲಂತೂ ಕಿಟಕಿಯತ್ತ ನರಪಿಳ್ಳೆಯೂ ಸುಳಿಯುವುದಿಲ್ಲ. ಆದರೂ ದಿನವೂ ಗಾಜು ಒರೆಸಿ, ನಕ್ಷೆ ಹರಡಿ, ಕನ್ನಡಕ ಏರಿಸಿ ಕೂರುತ್ತಾರೆ. ಗುರುವಾರ ಮಾತ್ರ ಒಬ್ಬ ಅಜ್ಜಿ ಬಂದು, ನಾಲ್ಕನೇ ವಲಯದ ಆಸ್ಪತ್ರೆಗೆ ಹೇಗೆ ಹೋಗಬೇಕೆಂದು ಕೇಳುತ್ತಾರೆ. ಇವರು ಪ್ರತಿ ವಾರವೂ ಮೊದಲಿನಿಂದ ಹೇಳುತ್ತಾರೆ. ಮೊನ್ನೆ ಮಾತ್ರ, “ಮರೆತುಹೋಗುತ್ತೇನಮ್ಮಾ? ಬರೆದುಕೊಡ್ಲಾ?” ಎಂದು ಪೆನ್ನು ಎತ್ತಿಕೊಂಡರು. “ಮರೆವಲ್ಲಪ್ಪಾ. ಆಸ್ಪತ್ರೇಲಿದ್ದ ನಮ್ಮನೆಯವರು ತೀರಿಕೊಂಡು ಎರಡು ವರ್ಷ ಆಯ್ತು. ನನ್ನ ಜೊತೆ ಇಷ್ಟು ಹೊತ್ತು ಮಾತಾಡೋರು ಬೇರೆ ಯಾರಿದಾರೆ?” ಎಂದರು ಅಜ್ಜಿ. ಗಾಜಿನ ಈಚೆ ಗುಮಾಸ್ತರು ಪೆನ್ನು ಕೆಳಗಿಟ್ಟು, “ಹಾಗಾದ್ರೆ ಇವತ್ತು ನದಿ ಬಳಸಿ ಹೋಗೋ ದಾರಿ ಹೇಳ್ತೀನಿ, ಕೇಳಿ. ಅದು ತುಂಬಾ ಉದ್ದ ಇದೆ” ಎಂದರು.